ಕೇಳಿದರೆ ಮಾತ್ರ

‘ಮೂವತ್ತು ಜನರಿಗೆ’ ಎಂದಿದ್ದುದನ್ನು ‘ಹಲವರಿಗೆ’ ಎಂದು ಬದಲಿಸಿ ಹದಿನಾರು ದಿನವಾಗಿತ್ತು. ‘ಪ್ರತಿ ವರ್ಷ’ ಎಂದಿದ್ದುದನ್ನು ‘ಅವಕಾಶವಿದ್ದಾಗ’ ಎಂದು ಮಾಡಿ ಒಂಬತ್ತು ದಿನ. ಇವತ್ತು ಮಧ್ಯಾಹ್ನ ಮೂರಕ್ಕೆ ಆ ಪುಟವನ್ನೇ ತೆಗೆದುಬಿಡಬೇಕು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಕೂತು ಅವನು ಕಂಪನಿಯ ಜಾಲತಾಣದಲ್ಲಿ ಅದೇ ಪುಟವನ್ನು ನೋಡುತ್ತಿದ್ದ. ಹುಣ್ಣಿನ ಮೇಲೆ ಕೈ ಹೋಗುವ ಹಾಗೆ ಬೆರಳು ತಾನಾಗಿ ಅಲ್ಲಿಗೇ ಹೋಗುತ್ತಿತ್ತು. ಒಂದೇ ಸಲ ಅಳಿಸಿದರೆ ಯಾರ ಕಣ್ಣಿಗಾದರೂ ಬೀಳುತ್ತದೆ. ವಾರಕ್ಕೊಂದು ಪದ ತೆಳುವಾಗುತ್ತ ಬಂದರೆ, ಕೊನೆಗೆ ಇಲ್ಲವಾದಾಗ ಅದು ಇತ್ತೆಂಬುದೇ ಯಾರಿಗೂ ನೆನಪಿರುವುದಿಲ್ಲ. ಇದು ಅವರ ಪ್ರಚಾರ ವಿಭಾಗದ ಪದ್ಧತಿ. ಅದಕ್ಕೆ ಅವರು ಇಟ್ಟುಕೊಂಡಿದ್ದ ಹೆಸರು ‘ನೀರು ಬೆರೆಸುವುದು’. ಅದರಲ್ಲಿ ಅವನ ಕೈ ಚೆನ್ನಾಗಿ ಪಳಗಿತ್ತು. ನೀರು ಬೆರೆಸಿದ ಮರುದಿನ ಮೇಲ್ ತೆರೆದು, ಎಲ್ಲಿಯೋ ಇರುವ ಗುರುತಿಲ್ಲದ ಮನುಷ್ಯನೊಬ್ಬ ‘ಮೂವತ್ತು ಎಲ್ಲಿ ಹೋಯಿತು ಸ್ವಾಮಿ?’ ಎಂದು ಕೇಳಿರಬಹುದೇ ಎಂದು ಹುಡುಕುತ್ತಿದ್ದ. ಹೆದರಿ ಹುಡುಕುತ್ತಿದ್ದೇನೆ ಎಂದೇ ಅಂದುಕೊಂಡಿದ್ದ. ಯಾರೂ ಕೇಳಿಲ್ಲ ಎಂದು ಖಾತ್ರಿಯಾದಾಗ ಆಗುತ್ತಿದ್ದುದು ಸಮಾಧಾನವಲ್ಲ ಎಂದು ತಿಳಿಯಲು ಇಷ್ಟು ದಿನ ಬೇಕಾಯಿತು.

ಆ ಪುಟವನ್ನು ಬರೆದವನೂ ಅವನೇ. ಮೂರು ವರ್ಷದ ಹಿಂದೆ, ಫ್ಯಾನು ತಯಾರಿಸುವ ಈ ಕಂಪನಿ ಜೈಲಿನಿಂದ ಬಿಡುಗಡೆಯಾದವರಿಗೆ ಕೆಲಸ ಕೊಡುತ್ತೇನೆಂದು ಸಾರಿದಾಗ, ‘ಶಿಕ್ಷೆ ಮುಗಿದ ಮೇಲೂ ಬಾಗಿಲು ಮುಚ್ಚಿದ್ದರೆ ಶಿಕ್ಷೆ ಮುಗಿದಂತಲ್ಲ’ ಎಂಬ ಸಾಲನ್ನು ಅವನು ಒಂದೇ ಉಸಿರಿಗೆ ಬರೆದಿದ್ದ. ವಿಭಾಗದ ಮುಖ್ಯಸ್ಥೆ ಮೇಡಂ ಓದಿ, “ಎಲ್ಲಿಂದ ಹೊಳೀತಯ್ಯಾ ಇದು ನಿಂಗೆ?” ಎಂದು ಕೇಳಿದ್ದರು. ಸುಮ್ಮನೆ ನಕ್ಕಿದ್ದ. ಆ ಸಾಲಿನ ಕೆಳಗೆ ಒಂದು ಚಿತ್ರವಿತ್ತು. ಗೋಡೆಗೆಲ್ಲ ದಪ್ಪ ಸ್ಪಂಜು ಬಡಿದ ಕೋಣೆ, ಸೂರಿನಿಂದ ನೇತಾಡುವ ಹೊಸ ಫ್ಯಾನು, ಅದರ ಕೆಳಗೆ ಬೆನ್ನು ತಿರುಗಿಸಿ ನಿಂತು ತಲೆ ಒಂದಿಷ್ಟು ವಾಲಿಸಿ ಆಲಿಸುತ್ತಿರುವ ಮನುಷ್ಯ. ಮುಖ ಕಾಣುವುದಿಲ್ಲ. ಆ ಕತ್ತಿನ ಮಡಿಕೆಗಳು ಯಾರವೆಂದು ಆ ಕಟ್ಟಡದಲ್ಲಿ ಗೊತ್ತಿದ್ದದ್ದು ಅವನೊಬ್ಬನಿಗೆ. ತಿರುಗುವ ಫ್ಯಾನಿನ ಬೇರಿಂಗು ಸರಿಯಿದೆಯೋ ಇಲ್ಲವೋ ಎಂದು ಸದ್ದಿನಿಂದಲೇ ಹೇಳುವುದು ಆ ಮನುಷ್ಯನ ಕೆಲಸ. ಕಾರ್ಖಾನೆಯವರು ಅವರನ್ನು ಕಿವಿಯಣ್ಣ ಎನ್ನುತ್ತಿದ್ದರು. ಅವರು ಅವನ ಅಪ್ಪ.

ಕೆಲಸಕ್ಕೆ ಸೇರುವ ಮುಂಚೆ ಅಪ್ಪ ಒಂದೇ ಒಂದು ಷರತ್ತು ಹಾಕಿದ್ದ. “ಗೇಟಿನ ಒಳಗೆ ನಾನು ನಿನಗೆ ಯಾರೂ ಅಲ್ಲ. ನನ್ನ ಕಥೆ ನಿನ್ನ ಮೈಗೆ ಅಂಟೋದು ಬೇಡ.” ಛೇ, ಏನಪ್ಪಾ ಇದು, ಎಂದು ಅವನು ಮರ್ಯಾದೆಗೆ ಎಷ್ಟು ಬೇಕೋ ಅಷ್ಟು ಪ್ರತಿಭಟಿಸಿ ಒಪ್ಪಿಕೊಂಡಿದ್ದ. ತಾನು ಕೇಳಬೇಕೆಂದಿದ್ದನ್ನು ಅಪ್ಪನೇ ಕೇಳಿದ್ದರಿಂದ ಆ ರಾತ್ರಿ ಗಾಢವಾಗಿ ನಿದ್ದೆ ಬಂದಿತ್ತು. ಅಂದಿನಿಂದ ಅಪ್ಪ ಮನೆಯಿಂದ ಕಾಲು ಗಂಟೆ ಮೊದಲೇ ಹೊರಡುತ್ತಿದ್ದ. ಓಣಿಯಲ್ಲಿ ಎದುರಾದರೆ “ನಮಸ್ಕಾರ ಸರ್” ಎನ್ನುತ್ತಿದ್ದ. ಮೊದಲ ಸಲ ಅವನ ಕಿವಿ ಕೆಂಪಾಗಿತ್ತು. ಎರಡನೆಯ ತಿಂಗಳಿಗೆ ತಲೆ ಆಡಿಸಿ ಮುಂದೆ ಹೋಗುವುದು ಬಂತು. ಒಂದು ದಿನ ಹೊಸ ಕ್ಯಾಮೆರಾದವನ ಜೊತೆ ಮಾತಾಡುತ್ತಾ ಬರುವಾಗ ನಮಸ್ಕಾರಕ್ಕೆ ತಲೆಯನ್ನೂ ಆಡಿಸದೆ ದಾಟಿಹೋಗಿ, ಮೆಟ್ಟಿಲು ಹತ್ತಿದ ಮೇಲೆ, ಈಗ ಹೋದದ್ದು ಅಪ್ಪನಲ್ಲವೇ ಎಂದು ನೆನಪಾಗಿ ನಿಂತಿದ್ದ. ಸಂಜೆ ಮನೆಯಲ್ಲಿ ಅಪ್ಪ, “ಇವತ್ತು ಭಾರಿ ಗತ್ತಿತ್ತಪ್ಪ ನಿನ್ನ ನಡಿಗೇಲಿ” ಎಂದು ನಗಾಡಿದ. ಹೆಂಡತಿಯೂ ನಕ್ಕಳು. ಅವನೂ ನಗಬೇಕಾಯಿತು.

ಇಪ್ಪತ್ತು ದಿನದ ಹಿಂದೆ ಮೇಡಂ ಅವನನ್ನು ಕೋಣೆಗೆ ಕರೆದು ಬಾಗಿಲು ಹಾಕಿಸಿದ್ದರು. ಅವರಿಗೆ ಮಾತಿನ ಮಧ್ಯೆ ಪೆನ್ನಿನ ಮುಚ್ಚಳ ತೆಗೆದು ಹಾಕುವ ಅಭ್ಯಾಸ. “ಹೋಟೆಲಿನವರು ದೊಡ್ಡ ಗಿರಾಕಿ, ನಿಂಗೇ ಗೊತ್ತು. ನಮ್ಮ ಹೆಸರಿನ ಪಕ್ಕ ಜೈಲು ಅನ್ನೋ ಪದ ಬೇಡ ಅಂತಿದಾರೆ. ಮೇಲಿನವರೂ ಹೂಂ ಅಂದಿದಾರೆ. ಇಪ್ಪತ್ತೆರಡು ಜನ ಇದಾರೆ, ತಿಂಗಳ ಕೊನೆಗೆ ಅವರ ಕರಾರು ಮುಗಿಯುತ್ತೆ, ಮುಂದುವರಿಸಲ್ಲ ಅಷ್ಟೇ. ಯಾರನ್ನೂ ತೆಗೀತಿಲ್ಲ, ಗೊತ್ತಾಯ್ತಾ? ತೆಗೆಯೋದು ಅನ್ನೋ ಪದ ಎಲ್ಲೂ ಬರಬಾರದು.”

“ಪತ್ರಿಕೆಯವರಿಗೆ ಏನು ಹೇಳೋದು ಮೇಡಂ?”

“ಏನೂ ಹೇಳೋದಿಲ್ಲ. ಮಾತು ಕೊಡೋವಾಗ ವೇದಿಕೆ ಹಾಕ್ಸಿದ್ವಿ, ಹಾರ ತರಿಸಿದ್ವಿ. ವಾಪಸ್ ತಗೊಳ್ಳೋದಕ್ಕೆ ಯಾರಾದ್ರೂ ವೇದಿಕೆ ಹಾಕ್ತಾರಾ? ಕೇಳಿದರೆ ಮಾತ್ರ ಹೇಳೋಣ. ಒಂದು ಹಾಳೆ ತಯಾರು ಮಾಡು.” ಆಮೇಲೆ, ಮುಚ್ಚಳ ಹಾಕುತ್ತ, “ಅಂದಹಾಗೆ, ಆ ಇಪ್ಪತ್ತೆರಡರಲ್ಲಿ ನಿಂಗೆ ಬೇಕಾದೋರು ಯಾರಾದ್ರೂ ಇದಾರಾ? ಇದ್ರೆ ಈಗ್ಲೇ ಹೇಳಿಬಿಡು. ಬೇರೆಯವರಿಗೆ ಕೊಡ್ತೀನಿ.”

“ಮುಖ ಪರಿಚಯ,” ಎಂದ ಅವನು.

ಎಷ್ಟು ಸಲೀಸಾಗಿ ಬಂತು ಆ ಎರಡು ಪದ. ವಿಷಯ ಹೊರಗೆ ಹೇಳುವುದಿಲ್ಲವೆಂದು ಸಹಿ ಹಾಕಿ, ತನ್ನ ಜಾಗಕ್ಕೆ ಬಂದು ಕೂತು ಆ ಮಧ್ಯಾಹ್ನವೇ ‘ಕೇಳಿದರೆ’ ಹಾಳೆ ಬರೆದ. ಇಂಥ ಹಾಳೆಯಲ್ಲಿ ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ಕೇಳದ ಪ್ರಶ್ನೆಗೆ ಉತ್ತರ ಹೇಳುವಂತಿಲ್ಲ. ಹಾಳೆಯಲ್ಲಿಲ್ಲದ ಪ್ರಶ್ನೆ ಬಂದರೆ ‘ತಿಳಿದು ಹೇಳುತ್ತೇವೆ’ ಎನ್ನಬೇಕು. ಸಂಜೆ ಮನೆಗೆ ಹೋದಾಗ ಅಪ್ಪ ಹಜಾರದಲ್ಲಿ ಕೂತು ಹರಿದ ಚಪ್ಪಲಿ ಹೊಲಿಯುತ್ತಿದ್ದ. “ಇವತ್ತು ಏನು ವಿಶೇಷ?” ಎಂದು ಕೇಳಿದ. ಅದು ಅಪ್ಪ ದಿನಾ ಕೇಳುವ ಪ್ರಶ್ನೆ. ಅದನ್ನು ಪ್ರಶ್ನೆಯೆಂದು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ಅವನು ಬಚ್ಚಲಿನಲ್ಲಿ ಮುಖ ತೊಳೆಯುತ್ತಾ ನಿಜವಾಗಿಯೂ ಯೋಚಿಸಿದ್ದ. ನಾಳೆ ಹೇಳಿದರಾಯಿತು. ಮರುದಿನ ಅಪ್ಪನಿಗೆ ನೆಗಡಿ. ಅದರ ಮರುದಿನ ಹೆಂಡತಿಯ ತಂಗಿ ಬಂದಿದ್ದಳು. ಆಮೇಲೆ ಕಾರಣಗಳು ಬೇಕಾಗದೆ ಹೋದವು. ಹೇಳದ ದಿನಗಳೇ ಹೇಳದಿರುವುದಕ್ಕೆ ಕಾರಣವಾದವು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಅಪ್ಪ ಕೇಳಿದರೆ? ಆ ಸಾಲಿನ ಬಲಕ್ಕೆ ಬರೆಯಲು ಅವನ ಹತ್ತಿರ ಏನೂ ಇರಲಿಲ್ಲ. ಹೋದ ಭಾನುವಾರ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಇನ್ನೂ ಜೈಲಿನಲ್ಲಿರುವ ಹಳೆಯ ಗೆಳೆಯನೊಬ್ಬನನ್ನು ನೋಡಿ ಬರುತ್ತೇನೆಂದು ಹೊರಟಾಗ, ಬಾಗಿಲಲ್ಲಿ ನಿಂತು “ಹುಷಾರು ಅಪ್ಪ” ಎಂದಷ್ಟೇ ಹೇಳಿದ್ದ. ಇವತ್ತು ಬೆಳಿಗ್ಗೆ ಹೆಂಡತಿ, ಅವನು ಲೋಟ ಹಿಡಿದು ಕೂತದ್ದನ್ನು ನೋಡಿ, “ಏನ್ರೀ, ಬಾಯಿ ಇರೋದು ಕಂಪನಿಗೆ ಮಾತ್ರಾನಾ? ಮೂರು ವಾರದಿಂದ ನೋಡ್ತಿದೀನಿ, ಮನೇಲಿ ನಾನೂ ಮಾವನೂ ಗೋಡೆ ಜೊತೆ ಮಾತಾಡಿದ ಹಾಗೆ” ಎಂದಿದ್ದಳು.

ಹನ್ನೆರಡೂವರೆಗೆ ಕ್ಯಾಂಟೀನಿನಲ್ಲಿ ಅಪ್ಪ ಕೈ ತೊಳೆಯುವ ನಲ್ಲಿಯ ಹತ್ತಿರ ಒಬ್ಬನೇ ಸಿಕ್ಕ. ಡಬ್ಬಿಯ ಮುಚ್ಚಳವನ್ನು ಹೆಬ್ಬೆರಳಿನಿಂದ ತಿಕ್ಕುತ್ತಿದ್ದ. ಅವನು ಪಕ್ಕದ ನಲ್ಲಿ ತಿರುಗಿಸಿದ. ನೀರು ಬೇಕೆಂದೇ ಜೋರಾಗಿ ಬಿಟ್ಟ.

“ಅಪ್ಪ, ಒಂದು ಮಾತು.”

ಅಪ್ಪ ಬೆಚ್ಚಿ ಹಿಂದೆ ನೋಡಿದ. ಗೇಟಿನ ಒಳಗೆ ಆ ಪದ ಮೂರು ವರ್ಷದಲ್ಲಿ ಬಂದಿರಲಿಲ್ಲ. “ಏಯ್, ತಲೆ ಕೆಟ್ಟಿದೆಯಾ? ಮನೇಲಿ ಹೇಳು,” ಎಂದು ಹಲ್ಲಿನ ಮಧ್ಯೆ ಗೊಣಗಿ, ಅತ್ತ ಕಡೆಯಿಂದ ಬರುತ್ತಿದ್ದ ಇಬ್ಬರಿಗೆ ಕೇಳುವಂತೆ, “ಆಗ್ಲಿ ಸರ್, ಫೋಟೋ ತೆಗೆಯೋರು ಬಂದ್ರೆ ಮೊದಲೇ ತಿಳಿಸಿ ಸರ್, ಕೋಣೆ ಗುಡಿಸಿ ಇಡ್ತೀನಿ,” ಎಂದ. ಬಂದವರಲ್ಲಿ ಒಬ್ಬ, “ಕಿವಿಯಣ್ಣ ಸಿನಿಮಾ ಹೀರೋ ಆಗ್ಬಿಟ್ಟ” ಎಂದು ಬೆನ್ನು ತಟ್ಟಿದ. ಅಪ್ಪ ಹುರುಪಿನಿಂದ ನಕ್ಕ. ಪ್ರಯತ್ನ ಮಾಡಿದೆನಲ್ಲ, ಎಂದುಕೊಂಡು ಅವನು ಮೆಟ್ಟಿಲು ಹತ್ತಿದ. ಕಾಲುಗಳು ಹಗುರಾಗಿದ್ದವು. ಅದೇ ಅವನಿಗೆ ಅಸಹ್ಯವಾಯಿತು.

ಎರಡೂ ಮುಕ್ಕಾಲಿಗೆ ಮೇಡಂ ಬಂದು, ಇಪ್ಪತ್ತೆರಡು ಜನರಿಗೆ ವಿಷಯ ತಿಳಿಸುವಾಗ ಸಿಬ್ಬಂದಿ ವಿಭಾಗದ ಅಧಿಕಾರಿಯ ಜೊತೆ ನೀನೂ ಕೂರು ಎಂದರು. “ಆ ಮನುಷ್ಯ ಮೆತ್ತಗೆ. ಯಾರಾದ್ರೂ ಕಣ್ಣೀರು ಹಾಕಿದ್ರೆ ಏನೇನೋ ಆಶ್ವಾಸನೆ ಕೊಟ್ಟುಬಿಡ್ತಾನೆ. ಹಾಳೆ ಬರೆದಿದ್ದು ನೀನು. ಪ್ರಶ್ನೆ ಬಂದ್ರೆ ನೀನೇ ಓದು.” ಆಗಲೂ ಹೇಳಬಹುದಿತ್ತು. ಹೊಟ್ಟೆನೋವು ಎನ್ನಬಹುದಿತ್ತು. ಎದ್ದು ಹೋಗಿ ಕೂತ. ಹೋಗುವ ಮುಂಚೆ ಪುಟವನ್ನು ತೆಗೆದ. ಒಂದು ಗುಂಡಿ, ‘ಖಚಿತವೇ?’ ಎಂದು ಯಂತ್ರ ಕೇಳಿತು. ಇಪ್ಪತ್ತು ದಿನದಲ್ಲಿ ಅವನನ್ನು ಹಾಗೆ ಕೇಳಿದ್ದು ಅದೊಂದೇ.

ಒಬ್ಬೊಬ್ಬರಾಗಿ ಬಂದರು. ಅಧಿಕಾರಿ ಓದುತ್ತಿದ್ದ, ಅವರು ಕೇಳುತ್ತಿದ್ದರು, ಸಹಿ ಹಾಕುತ್ತಿದ್ದರು. ಯಾರೂ ಕೂಗಾಡಲಿಲ್ಲ. ಬಾಗಿಲು ಮುಚ್ಚಿಸಿಕೊಂಡು ಅಭ್ಯಾಸವಿದ್ದ ಜನ. ಒಬ್ಬಳು ಮಾತ್ರ ಸಹಿ ಹಾಕಿ ಪೆನ್ನನ್ನು ವಾಪಸ್ ಕೊಡದೆ ಎತ್ತಿಕೊಂಡು ಹೋದಳು. ಹನ್ನೊಂದನೆಯವನಾಗಿ ಅಪ್ಪ ಬಂದ. ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ ಒಳಗೆ ಬಂದವನು ಇವನನ್ನು ಕಂಡು ಒಂದು ಗಳಿಗೆ ನಿಂತು, ಮುಖದಲ್ಲಿ ಮೂಡಲಿದ್ದದ್ದನ್ನು ಒಳಗೇ ನುಂಗಿ, “ನಮಸ್ಕಾರ ಸರ್” ಎಂದು ಇಬ್ಬರಿಗೂ ಸೇರಿಸಿ ಹೇಳಿ ಕೂತ. ಅಧಿಕಾರಿ ಓದಿದ. ಅಪ್ಪ ತಲೆ ಒಂದಿಷ್ಟು ವಾಲಿಸಿ ಕೇಳಿಸಿಕೊಂಡ.

“ಕೆಲಸದಲ್ಲಿ ನನ್ನಿಂದ ಏನಾದ್ರೂ ತಪ್ಪಾಯ್ತಾ ಸರ್?”

ಅಧಿಕಾರಿ ಇವನ ಕಡೆ ನೋಡಿದ. ಇವನು ಹಾಳೆ ನೋಡಿ ಓದಿದ. “ಈ ನಿರ್ಧಾರ ಯಾರೊಬ್ಬರ ಕೆಲಸದ ಗುಣಮಟ್ಟಕ್ಕೂ ಸಂಬಂಧಿಸಿದ್ದಲ್ಲ. ತಮ್ಮ ಕೊಡುಗೆಯನ್ನು ಕಂಪನಿ ಗೌರವಿಸುತ್ತದೆ.” ಅಪ್ಪನಿಗೆ ‘ತಮ್ಮ’ ಎಂದಿದ್ದ.

“ಯಾವಾಗ ತೀರ್ಮಾನ ಆಗಿದ್ದು?”

“ಇತ್ತೀಚೆಗೆ.” ಅದೂ ಹಾಳೆಯಲ್ಲಿತ್ತು.

ಅಪ್ಪ ಸಹಿ ಹಾಕಲು ಬಗ್ಗಿದವನು ಹಾಗೇ ತಲೆ ಎತ್ತಿದ. ಅಧಿಕಾರಿಯನ್ನಲ್ಲ, ಇವನನ್ನು ನೋಡಿದ. “ನಿಮಗೆ ಯಾವಾಗ ಗೊತ್ತಾಯ್ತು ಸರ್?”

ಹಾಳೆಯಲ್ಲಿ ಆ ಪ್ರಶ್ನೆ ಇರಲಿಲ್ಲ. ಅವನಿಗೆ ಇದ್ದಕ್ಕಿದ್ದಂತೆ ಹಳೆಯ ನ್ಯಾಯಾಲಯದ ಬೆಂಚು ಕಂಡಿತು. ಹತ್ತೊಂಬತ್ತು ವರ್ಷದ ತಾನು, ತೊಡೆಯ ಮೇಲೆ ಚೀಲ. ಅಪ್ಪ ಲಿಫ್ಟು ರಿಪೇರಿ ಮಾಡುವವನಾಗಿದ್ದ. ಒಂದು ದಿನ ಎಂಟು ಲಿಫ್ಟು ನೋಡಬೇಕಿತ್ತು, ಏಳು ನೋಡಿ ಎಂಟಕ್ಕೆ ಸಹಿ ಹಾಕಿದ್ದ. ಎಂಟನೆಯದು ಬಿದ್ದು ಒಬ್ಬ ಹೆಂಗಸು ಸತ್ತಿದ್ದಳು. ತಾಂತ್ರಿಕ ದೋಷ ಎನ್ನು ಎಂದು ವಕೀಲರು ವಾರಗಟ್ಟಲೆ ಬಾಯಿಪಾಠ ಮಾಡಿಸಿದ್ದರು. ಕೇಳಿದಾಗ ಅಪ್ಪ, “ನೋಡಿರಲಿಲ್ಲ ಸ್ವಾಮಿ. ನೋಡದೆ ಸಹಿ ಹಾಕಿದೆ” ಎಂದುಬಿಟ್ಟ. ವಕೀಲರು ಕಡತ ಮುಚ್ಚಿದರು. ನಾಲ್ಕೂವರೆ ವರ್ಷ. ಎಂಥ ಪೆದ್ದ ಇವನು, ಒಂದು ವಾಕ್ಯ ಹೇಳಲು ಬರಲಿಲ್ಲವಲ್ಲ ಎಂದು ಆಗ ಅವನಿಗೆ ಉರಿದುಹೋಗಿತ್ತು. ವಾಕ್ಯಗಳ ಕೆಲಸಕ್ಕೇ ಸೇರಿದ್ದು ಅದಕ್ಕೋ ಏನೋ.

“ಇವತ್ತು ಬೆಳಿಗ್ಗೆ,” ಎಂದ ಅವನು.

“ಹೌದಾ,” ಎಂದ ಅಪ್ಪ. ಮುಖ ಸಡಿಲವಾಯಿತು. ಅಧಿಕಾರಿಯ ಕಡೆ ತಿರುಗಿ, “ಪಾಪ, ಇವರಿಗೂ ಇವತ್ತೇ ಹೇಳಿದಾರೆ ನೋಡಿ,” ಎಂದು ಸಹಿ ಹಾಕಿದ.

ಸಂಜೆ ಗೇಟಿನಿಂದ ಎರಡು ತಿರುವು ದಾಟಿದ ಮೇಲೆ, ಟೈರಿನ ಅಂಗಡಿಯ ಪಕ್ಕ ಅಪ್ಪ ಕಾಯುತ್ತಿದ್ದ. ಇಬ್ಬರೂ ಜೊತೆಯಾಗಿ ಮನೆಗೆ ನಡೆದದ್ದು ಅದೇ ಮೊದಲು. “ನಲ್ಲಿ ಹತ್ರ ಅದನ್ನೇ ಹೇಳೋಕೆ ಬಂದಿದ್ದಾ? ನಾನೊಬ್ಬ, ಬಾಯಿ ಮುಚ್ಚಿಸಿಬಿಟ್ಟೆ.” ಸ್ವಲ್ಪ ದೂರ ಹೋದ ಮೇಲೆ, “ನಿಂಗೇ ಜಾಸ್ತಿ ಕಷ್ಟ ಆಗಿರಬೇಕು. ನನ್ನ ಎದುರಿಗೆ ಕೂತು ಓದಬೇಕಾಯ್ತಲ್ಲ.” ಅಪ್ಪನ ಕೈ ಅವನ ಭುಜದ ಮೇಲೆ ಬಂತು. ಆ ಕೈಯನ್ನು ಅವನು ಹೊತ್ತು ನಡೆದ. ಇಷ್ಟು ಭಾರದ ಕೈ ಎಂದು ಗೊತ್ತಿರಲಿಲ್ಲ. ಈಗ ಹೇಳಬೇಕು, ಆ ಕಂಬ ದಾಟಿದ ಮೇಲೆ, ಆ ಔಷಧಿ ಅಂಗಡಿ ಬಂದ ಮೇಲೆ.

“ನಂದೇನೂ ಇಲ್ಲ ಬಿಡು. ಕಿವಿ ಇರೋವರೆಗೆ ಎಲ್ಲಾದ್ರೂ ಕೆಲಸ ಸಿಗುತ್ತೆ,” ಎಂದ ಅಪ್ಪ. “ನಂಗೆ ಚಿಂತೆ ಆ ಬಡಗೀದು.”

“ಯಾವ ಬಡಗಿ?”

“ಒಳಗಿದಾನಲ್ಲ, ಹೋದ ಭಾನುವಾರ ನೋಡೋಕೆ ಹೋಗಿದ್ನಲ್ಲ, ಅವನೇ. ಮುಂದಿನ ತಿಂಗಳು ಹೊರಗೆ ಬರ್ತಾನೆ. ಅವನ ಭಾವ ದೋಣಿ ಕಟ್ಟೋ ಕಡೆ ಒಂದು ಜಾಗ ಹಿಡಿದಿಟ್ಟಿದ್ದ. ಭಾವನ ಮನೆ ಹಂಗು ಬೇಡ ಅಂತ ಇವನಿಗೆ. ನಾನು ಹೋದವನು, ಅಷ್ಟು ದೂರ ಯಾಕೆ ಹೋಗ್ತೀಯ, ನಮ್ಮಲ್ಲೇ ಬಾ, ನಾನಿದೀನಿ ಅಂದೆ. ಅವತ್ತೇ ಭಾವನಿಗೆ ಬರಲ್ಲ ಅಂತ ಕಾಗದ ಹಾಕಿದ. ಆ ಜಾಗ ಹೋಯ್ತು.” ಅಪ್ಪ ಜೇಬಿನಿಂದ ಮಡಿಸಿದ ಕಾಗದ ತೆಗೆದ. ಆ ಪುಟವನ್ನು ಅಂಗಡಿಯಲ್ಲಿ ಮುದ್ರಿಸಿಕೊಂಡಿದ್ದ. “ಸುಮ್ಮನೆ ಹೇಳ್ಲಿಲ್ಲ ಕಣೋ. ಇದನ್ನ ನೋಡಿಕೊಂಡೇ ಹೇಳಿದ್ದು. ಮೊದಲು ಪ್ರತಿ ವರ್ಷ ಅಂತಿತ್ತು, ಈಗ ಅವಕಾಶವಿದ್ದಾಗ ಅಂತ ಮಾಡಿದಾರೆ. ಅವಕಾಶ ಇದೆಯಲ್ಲ, ಪ್ಯಾಕಿಂಗಲ್ಲಿ ಇಬ್ಬರು ಬಿಟ್ಟುಹೋದ್ರು, ಅಂತ ಲೆಕ್ಕ ಹಾಕ್ದೆ.”

ಔಷಧಿ ಅಂಗಡಿ ಬಂತು, ಹೋಯಿತು. ಅವನು ಹೇಳಲಿಲ್ಲ. ಪದ ಬದಲಾದದ್ದನ್ನು ಲೋಕದಲ್ಲಿ ಗಮನಿಸಿದವನು ಒಬ್ಬನೇ, ಅವನೂ ಅದನ್ನು ನಂಬಿಯೇ ಓದಿದ್ದ.

ಶುಕ್ರವಾರ ಹೇಳಲಿಲ್ಲ. ಶನಿವಾರ ಅಪ್ಪ ಅಂಗಿ ಒಗೆದು ಹಾಕಿ, ನಾಳೆ ಹೋಗಿ ಬಡಗಿಗೆ ತಿಳಿಸಿ ಬರಬೇಕು ಎಂದಾಗ, “ನಾನೂ ಬರ್ತೀನಿ” ಎಂದ. ಅಪ್ಪ ಒದ್ದೆ ಅಂಗಿಯನ್ನು ಹಿಡಿದೇ ತಿರುಗಿ ನೋಡಿದ. ನಾಲ್ಕೂವರೆ ವರ್ಷದಲ್ಲಿ ಅವನು ಅಲ್ಲಿಗೆ ಬಂದದ್ದು ಎರಡೇ ಸಲ, ಅದರಲ್ಲಿ ಒಂದು ಸಲ ಹೊರಗಿನ ಗೇಟಿನಿಂದಲೇ ತಿರುಗಿ ಹೋಗಿದ್ದ. “ನೀನ್ಯಾಕೆ? ನಿಂಗೆ ಅಲ್ಲಿ ಆಗಲ್ಲ,” ಎಂದ ಅಪ್ಪ, ಬೈಯುವ ಧಾಟಿಯಲ್ಲಲ್ಲ. “ಬರ್ತೀನಿ,” ಎಂದ.

ಭೇಟಿಯ ಹಜಾರ ಉದ್ದಕ್ಕಿತ್ತು. ಒಂದು ಬದಿಗೆ ಸಾಲಾಗಿ ಕಿಂಡಿಗಳು, ಪ್ರತಿ ಕಿಂಡಿಗೆ ಎರಡು ಪದರ ಜಾಲರಿ, ನಡುವೆ ಒಂದು ತೋಳಿನಷ್ಟು ಖಾಲಿ ಜಾಗ. ಒಂದೇ ಹೊತ್ತಿಗೆ ಮೂವತ್ತು ಮನೆಯವರು ಆ ಖಾಲಿ ಜಾಗದಾಚೆಗೆ ಕೂಗುತ್ತಿದ್ದರು. ಮಗುವಿನ ಹಲ್ಲು, ವಕೀಲರ ತಾರೀಕು, ಯಾರದೋ ಮದುವೆ, ಎಲ್ಲವೂ ಗಂಟಲು ಹರಿಯುವ ಹಾಗೆ. ಗುಟ್ಟೆಂಬುದು ಇಲ್ಲಿ ಸಾಧ್ಯವೇ ಇರಲಿಲ್ಲ. ಗೋಡೆಯ ಗಡಿಯಾರದ ಕೆಳಗೆ ಕಾವಲಿನವನು ನಿಂತಿದ್ದ, ಹದಿನೈದು ನಿಮಿಷ. ಜಾಲರಿಯಾಚೆ ಬಡಗಿ ಬಂದ. ನಲವತ್ತರ ಆಸುಪಾಸು, ಹುಬ್ಬಿನ ಮೇಲೆ ಮರದ ಪುಡಿ. ಅಪ್ಪನನ್ನು ಕಂಡು ಎರಡು ಕೈಯಿಂದಲೂ ಜಾಲರಿ ಹಿಡಿದ.

“ಏನಣ್ಣ, ವಾರ ತುಂಬೋದ್ರಲ್ಲೇ ಬಂದ್ಬಿಟ್ರಿ! ನನ್ನ ಮೇಜು ರೆಡಿ ಮಾಡಿಸಿದ್ರಾ?”

ಅಪ್ಪ ಹೇಳಿದ. ಸುತ್ತಿ ಬಳಸದೆ, ನಾಲ್ಕು ಮಾತಿನಲ್ಲಿ. ಬಡಗಿಯ ಕೈ ಜಾಲರಿಯಿಂದ ನಿಧಾನ ಇಳಿಯಿತು. “ತಪ್ಪು ನಂದೇ ಕಣಯ್ಯಾ,” ಎಂದು ಅಪ್ಪ ಕೂಗಿದ, “ಸರಿಯಾಗಿ ವಿಚಾರಿಸದೆ ಮಾತು ಕೊಟ್ಟೆ. ಯಾರಿಗೂ ಗೊತ್ತಿರ್ಲಿಲ್ಲ. ಬರೆಯೋ ಜಾಗದಲ್ಲಿ ಕೂತೋರಿಗೂ ಅವತ್ತು ಬೆಳಿಗ್ಗೇನೇ ಗೊತ್ತಾಗಿದ್ದು.”

“ಇವರು ಯಾರು?” ಬಡಗಿಯ ಕಣ್ಣು ಹಿಂದೆ ನಿಂತವನ ಮೇಲಿತ್ತು.

“ಇವರು ಕಂಪನಿಯ—” ಎಂದು ಶುರು ಮಾಡಿದ ಅಪ್ಪ.

“ಮಗ,” ಎಂದ ಅವನು. “ಇವರ ಮಗ. ನನಗೆ ಮೊದಲೇ ಗೊತ್ತಿತ್ತು.”

ಬಡಗಿ ಕಿವಿಗೆ ಅಂಗೈ ಆನಿಸಿದ. “ಕೇಳಿಸ್ಲಿಲ್ಲ! ಜೋರಾಗಿ ಹೇಳಿ!”

ಅಪ್ಪ ತಿರುಗಲಿಲ್ಲ. ಆ ಕತ್ತಿನ ಮಡಿಕೆಗಳು ಮಾತ್ರ ಒಂದಿಷ್ಟು ಬಿಗಿದವು. ಅವನು ಅಪ್ಪನ ಹೆಗಲಿನ ಪಕ್ಕದಿಂದ ಮುಖ ಮುಂದೆ ಮಾಡಿ, ಜನ್ಮದಲ್ಲಿ ಎಂದೂ ಎತ್ತದ ದನಿ ಎತ್ತಿ ಕೂಗಿದ. “ನನಗೆ ಗೊತ್ತಿತ್ತು! ಇಪ್ಪತ್ತು ದಿನ ಮುಂಚೆಯೇ ಗೊತ್ತಿತ್ತು, ಇವರು ನಿಮಗೆ ಮಾತು ಕೊಡೋಕೂ ಮುಂಚೆ! ಆ ಪದ ಬದಲಾಯಿಸಿದ್ದು ನಾನು! ಅಪ್ಪನಿಗೆ ಹೇಳಲಿಲ್ಲ!” ಪಕ್ಕದ ಕಿಂಡಿಯ ಹೆಂಗಸು ತನ್ನ ಮಾತು ನಿಲ್ಲಿಸಿ ಇತ್ತ ನೋಡಿದಳು. ಅದರ ಆಚೆಯವರೂ ನೋಡಿದರು. ಬಡಗಿ ನೋಡುತ್ತಿದ್ದುದು ಇವನನ್ನಲ್ಲ, ಅಪ್ಪನ ಮುಖವನ್ನು. ಅಲ್ಲಿ ಏನು ಕಾಣುತ್ತಿತ್ತೋ, ಇವನಿಗೆ ತಿಳಿಯುವ ಹಾಗಿರಲಿಲ್ಲ.

ಅಪ್ಪ ಗಡಿಯಾರದ ಕಡೆ ನೋಡಿದ. ಆಮೇಲೆ ಜಾಲರಿಯ ಎದುರಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದ.

“ಇನ್ನೂ ಆರು ನಿಮಿಷ ಇದೆ,” ಎಂದ. “ಮೊದಲಿಂದ ಹೇಳು ಅವನಿಗೆ.”